ಪ್ಲಾಸ್ಮಾ, ಎಲ್‌ಇಡಿ, ಓಎಲ್‌ಇಡಿ: ಕಾರವಾರದ ಹಾಲ್‌ಗೆ ಯಾವುದು, ಶಿರಸಿಯ ಜಗುಲಿಗೆ ಯಾವುದು?

ಒಂದೇ ಟಿವಿ ಎಲ್ಲ ಮನೆಗೂ ಒಗ್ಗುವುದಿಲ್ಲ. ಘಟ್ಟದ ಕೆಳಗೆ ಒಂದು ಬೆಳಕು, ಘಟ್ಟದ ಮೇಲೆ ಇನ್ನೊಂದು ಬೆಳಕು ಇರುವ ನಮ್ಮ ಜಿಲ್ಲೆಯಲ್ಲಂತೂ ಇದನ್ನು ಮರೆತು ಟಿವಿ ತರಲೇಬಾರದು. ಕಾರವಾರದ ಕೋಡಿಬಾಗದಲ್ಲಿ ನಮ್ಮ ಮನೆ. ಹಾಲ್‌ಗೆ ಪಶ್ಚಿಮದ ಕಡೆ ದೊಡ್ಡ ಕಿಟಕಿ. ಮಧ್ಯಾಹ್ನ ಮೂರಾದ ಮೇಲೆ ಬಿಸಿಲು ಸೀದಾ ಒಳಗೇ ಬರುತ್ತದೆ. ಹೆಂಡತಿಯ ತವರು ಶಿರಸಿ ಹತ್ತಿರದ ಒಂದು ತೋಟದ ಮನೆ. ಹೆಂಚಿನ ಮಾಡು, ಚಿಕ್ಕ ಕಿಟಕಿ, ಸುತ್ತ ಅಡಿಕೆ ಮರ. ಮಳೆಗಾಲದಲ್ಲಿ ಅಲ್ಲಿ ಹಗಲು ಹನ್ನೆರಡಕ್ಕೂ ಲೈಟ್ ಹಚ್ಚಬೇಕು.

ಈ ಎರಡು ಮನೆಗಳಲ್ಲಿ, ಜೊತೆಗೆ ಶಿರಸಿ ಪೇಟೆಯಲ್ಲಿರುವ ಭಾವನ ಮನೆಯಲ್ಲಿ, ನಾಲ್ಕು ಥರದ ಟಿವಿಗಳನ್ನು ನಾನು ಸಾವಕಾಶ ನೋಡಿದ್ದೇನೆ. 42 ಇಂಚಿನ ಎಚ್‌ಡಿ ಪ್ಲಾಸ್ಮಾ. 43 ಇಂಚಿನ 4ಕೆ ಎಲ್‌ಇಡಿ, ಐಪಿಎಸ್ ಪ್ಯಾನೆಲ್ಲಿನದು. 50 ಇಂಚಿನ ಇನ್ನೊಂದು ಎಲ್‌ಇಡಿ, ವಿಎ ಪ್ಯಾನೆಲ್ಲಿನದು. (ಐಪಿಎಸ್, ವಿಎ ಅಂದರೆ ಎಲ್‌ಇಡಿ ಟಿವಿಯ ಪರದೆಯ ಎರಡು ಥರ.) ಕೊನೆಯದು ಭಾವನ 55 ಇಂಚಿನ ಓಎಲ್‌ಇಡಿ. ಎಲ್ಲದಕ್ಕೂ ಒಂದೇ ಲ್ಯಾಪ್‌ಟಾಪು, ಒಂದೇ ಎಚ್‌ಡಿಎಂಐ ಕೇಬಲ್ಲು, ಅವೇ ವಿಡಿಯೋಗಳು. ರಾತ್ರಿಯ ಒಂದು ಯಕ್ಷಗಾನ, ಹಗಲಿನ ಒಂದು ಕ್ರಿಕೆಟ್ ಪಂದ್ಯ, ಒಂದು ಕಪ್ಪು-ಬಿಳುಪು ಕನ್ನಡ ಸಿನಿಮಾ. ಚಾನೆಲ್ಲುಗಳನ್ನು ಡಿಶ್‌ನಲ್ಲೇ ನೋಡಿದ್ದು.

ಪ್ಲಾಸ್ಮಾ ಈಗ ಅಂಗಡಿಯಲ್ಲಿ ಸಿಗುವುದಿಲ್ಲ, ಗೊತ್ತು. ಪಯೋನಿಯರ್ ಕಂಪನಿ 2009ರಲ್ಲೇ ಟಿವಿ ಬಿಡುವುದಾಗಿ ಹೇಳಿತು. ಪ್ಯಾನಸೋನಿಕ್ 2013ರ ಕೊನೆಗೆ ಪ್ಲಾಸ್ಮಾ ಪ್ಯಾನೆಲ್ ಮಾಡುವುದನ್ನು ನಿಲ್ಲಿಸಿತು. ಸ್ಯಾಮ್‌ಸಂಗ್, ಎಲ್‌ಜಿ 2014ರಲ್ಲಿ ಕೈಬಿಟ್ಟವು. ಆದರೆ ಎಷ್ಟೋ ಮನೆಗಳಲ್ಲಿ ಅದು ಇನ್ನೂ ಓಡುತ್ತಿದೆ. ಹಳೇ ಟಿವಿ ಮಾರುವವರ ಹತ್ತಿರವೂ ಆಗಾಗ ಕಾಣುತ್ತದೆ. "ತಗೊಳ್ಳೋದಾ, ಬೇಡ್ವಾ" ಅಂತ ಕೇಳುವವರೂ ಇದ್ದಾರೆ. ಹಾಗಾಗಿ ಅದನ್ನೂ ಸೇರಿಸಿಕೊಂಡೇ ಹೋಲಿಸುತ್ತೇನೆ. ಮೇಲಾಗಿ, ಒಳ್ಳೆಯ ಚಿತ್ರ ಅಂದರೆ ಹೇಗಿರಬೇಕು ಅಂತ ನನಗೆ ತೋರಿಸಿಕೊಟ್ಟದ್ದೇ ಆ ಪ್ಲಾಸ್ಮಾ.

ಕಪ್ಪು ಎಷ್ಟು ಕಪ್ಪು

ನಾನು ಮೊದಲು ನೋಡುವುದು ಕಪ್ಪನ್ನು. ಯಕ್ಷಗಾನದ ವಿಡಿಯೋ ಇದಕ್ಕೆ ಹೇಳಿ ಮಾಡಿಸಿದ್ದು. ರಂಗಸ್ಥಳದಲ್ಲಿ ಝಗಝಗ ಬೆಳಕು, ಹಿಂದೆ ಗದ್ದೆಬಯಲಿನ ಕತ್ತಲೆ. ನಡುವೆ ಕೇದಗೆ ಮುಂದಲೆ ಎಂಬ ತಲೆಯುಡುಗೆ ಕಟ್ಟಿದ ವೇಷ. ಮುಂದಲೆಯ ಬಟ್ಟೆ ಕಪ್ಪು, ಅದರ ಮೇಲೆ ಜರಿಯ ಪಟ್ಟಿ. ಹಿಂದಿನ ಕತ್ತಲೆಯೂ ಕಪ್ಪೇ. ಕಪ್ಪಿನ ಮುಂದೆ ಕಪ್ಪು ಬಂದಾಗ ಎರಡೂ ಬೇರೆ ಬೇರೆ ಕಾಣಬೇಕು. ಟಿವಿಯ ಯೋಗ್ಯತೆ ತಿಳಿಯುವುದು ಅಲ್ಲೇ.

ಐಪಿಎಸ್ ಎಲ್‌ಇಡಿಯಲ್ಲಿ ಹಿಂದಿನ ಕತ್ತಲೆ ಬೂದಿ ಬಣ್ಣಕ್ಕೆ ತಿರುಗಿತು. ಪರದೆಯ ಮೂಲೆಗಳಲ್ಲಿ ಬೆಳ್ಳಗೆ ಮಂಜು ಕವಿದ ಹಾಗೆ. ಮುಂದಲೆಯ ಕಪ್ಪು ಆ ಬೂದಿಯೊಳಗೆ ಸೇರಿಹೋಗಿ, ಜರಿ ಪಟ್ಟಿ ಮಾತ್ರ ಗಾಳಿಯಲ್ಲಿ ತೇಲುತ್ತಿದೆ ಅನ್ನಿಸುತ್ತಿತ್ತು. ವಿಎ ಎಲ್‌ಇಡಿಯಲ್ಲಿ ಕತ್ತಲೆ ಕತ್ತಲೆಯಾಗಿಯೇ ಇತ್ತು, ಮುಂದಲೆಯ ಅಂಚೂ ಹಿಡಿಯಿತು. ಪ್ಲಾಸ್ಮಾದಲ್ಲಿ ಬಟ್ಟೆಯ ಮಡಿಕೆಯೂ ಕಾಣಿಸಿತು. ಓಎಲ್‌ಇಡಿಯಲ್ಲಿ ಕತ್ತಲೆ ಎಷ್ಟು ಪೂರ್ತಿಯಾಗಿತ್ತೆಂದರೆ, ಟಿವಿಯ ಚೌಕಟ್ಟು ಎಲ್ಲಿ ಮುಗಿಯಿತು, ಕೋಣೆಯ ಕತ್ತಲೆ ಎಲ್ಲಿ ಶುರುವಾಯಿತು ಅಂತಲೇ ಗೊತ್ತಾಗುತ್ತಿರಲಿಲ್ಲ.

ಇದಕ್ಕೆ ಕಾರಣ ಇದೆ. ಎಲ್‌ಇಡಿ ಟಿವಿ ಅಂತ ಮಾರುವುದು ನಿಜವಾಗಿ ಎಲ್‌ಸಿಡಿ ಟಿವಿಯೇ. ಹಿಂದೆ ಎಲ್‌ಇಡಿ ದೀಪ, ಮುಂದೆ ಬೆಳಕು ತಡೆಯುವ ಹರಳಿನ ಪದರ. ಕಪ್ಪು ತೋರಿಸಬೇಕಾದಾಗಲೂ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. ಪದರ ಅದನ್ನು ಪೂರ್ತಿ ತಡೆಯಲಾರದು. ಐಪಿಎಸ್ ಪ್ಯಾನೆಲ್ಲಿನಲ್ಲಿ ಬಿಳಿಗೂ ಕಪ್ಪಿಗೂ ಸುಮಾರು ಒಂದು ಸಾವಿರ ಪಟ್ಟು ವ್ಯತ್ಯಾಸ. ವಿಎಯಲ್ಲಿ ಮೂರು ಸಾವಿರ ಪಟ್ಟು, ಕೆಲವೊಮ್ಮೆ ಇನ್ನೂ ಜಾಸ್ತಿ. ಕ್ಯೂಎಲ್‌ಇಡಿ ಅಂದರೂ ಮೂಲ ಇದೇ. ಬಣ್ಣ ಚೆನ್ನಾಗಿ ಬರಲಿ ಅಂತ ಒಂದು ಪದರ ಜಾಸ್ತಿ ಇರುತ್ತದೆ, ಅಷ್ಟೇ. ಹೆಸರಿನಲ್ಲಿ ಒಂದಕ್ಷರ ಹಿಂದೆಮುಂದೆ ಇದೆ ಅಂತ ಓಎಲ್‌ಇಡಿ ಅಂದುಕೊಂಡು ತರಬೇಡಿ.

ಪ್ಲಾಸ್ಮಾದಲ್ಲಿ ಹಿಂದೆ ದೀಪವೇ ಇಲ್ಲ. ಗಾಜಿನ ಎರಡು ಹಾಳೆಗಳ ನಡುವೆ ಲಕ್ಷಾಂತರ ಪುಟ್ಟ ಗೂಡುಗಳು, ಒಳಗೆ ನಿಯಾನ್ ಮತ್ತು ಝೆನಾನ್ ಅನಿಲ. ಕರೆಂಟು ಹಾಯ್ದಾಗ ಅನಿಲದಿಂದ ಕಣ್ಣಿಗೆ ಕಾಣದ ಅತಿನೇರಳೆ ಕಿರಣ ಹೊರಡುತ್ತದೆ. ಅದು ಗೂಡಿನ ಗೋಡೆಗೆ ಬಳಿದ ಫಾಸ್ಫರ್ ಎಂಬ ಹೊಳೆಯುವ ಪುಡಿಗೆ ತಾಗಿ ಕೆಂಪು, ಹಸಿರು, ನೀಲಿ ಬೆಳಕಾಗುತ್ತದೆ. ಹೀಗೆ ಪ್ರತಿ ಗೂಡೂ ತನ್ನ ಬೆಳಕನ್ನು ತಾನೇ ಮಾಡಿಕೊಳ್ಳುತ್ತದೆ. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೊ, ರಾಬರ್ಟ್ ವಿಲ್ಸನ್ ಎಂಬ ಮೂವರು ಇದನ್ನು ಮೊದಲು ಮಾಡಿದ್ದು ಟಿವಿಗಾಗಿ ಅಲ್ಲ, ಕಂಪ್ಯೂಟರಿನಲ್ಲಿ ಪಾಠ ಹೇಳುವ ಒಂದು ಯೋಜನೆಗಾಗಿ. ಪ್ಲಾಸ್ಮಾದ ಕಪ್ಪೂ ನೂರಕ್ಕೆ ನೂರಲ್ಲ. ಗೂಡು ತಕ್ಷಣ ಬೆಳಗಲು ತಯಾರಿರಲಿ ಅಂತ ಅದಕ್ಕೆ ಸದಾ ಸಣ್ಣ ಮಿಡಿತ ಕೊಡುತ್ತಿರಬೇಕು. ಅದರಿಂದ ಒಂದು ಮಂಕು ಹೊಳಪು ಉಳಿಯುತ್ತದೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ, ಆದರೆ ಈ ಮಂಕು ಹೊಳಪೂ ಇಲ್ಲ. ಕಪ್ಪು ಅಂದರೆ ಪೂರಾ ಆಫ್.

ಕಪ್ಪಿನಲ್ಲಿ ಓಎಲ್‌ಇಡಿ ಮೊದಲು, ಪ್ಲಾಸ್ಮಾ ಅದರ ಹಿಂದೆ, ವಿಎ ಮೂರನೆಯದು. ಐಪಿಎಸ್ ಬಹಳ ಹಿಂದೆ.

ಮಂಡಿ ಕುಣಿತ

ಓಡಾಡುವ ಚಿತ್ರ ಎಷ್ಟು ಸ್ಪಷ್ಟ ಅಂತ ನೋಡಲು ಜನ ಕ್ರಿಕೆಟ್ ಹಚ್ಚುತ್ತಾರೆ. ನಮ್ಮ ಬಡಗುತಿಟ್ಟು ಯಕ್ಷಗಾನದ ಮಂಡಿ ಕುಣಿತ ಅದಕ್ಕಿಂತ ಕಠಿಣ ಪರೀಕ್ಷೆ. ವೇಷಧಾರಿ ಮಂಡಿಯೂರಿ ಗಿರಗಿರ ತಿರುಗುವಾಗ ಕಸೆ ಸೀರೆಯ ಚೌಕುಳಿಗಳನ್ನೇ ನೋಡುತ್ತಿರಿ. ನನ್ನ ಹತ್ತಿರ ಇರುವ ವಿಡಿಯೋವನ್ನು ಸಂಬಂಧಿಕರೊಬ್ಬರು ಸೆಕೆಂಡಿಗೆ 50 ಫ್ರೇಮಿನಂತೆ, ಅಂದರೆ 50 ಬಿಡಿ ಚಿತ್ರಗಳಂತೆ, ತೆಗೆದಿದ್ದಾರೆ, ಹಾಗಾಗಿ ಮೂಲದಲ್ಲೇ ಮಸುಕು ಕಡಿಮೆ.

ಐಪಿಎಸ್ ಎಲ್‌ಇಡಿಯಲ್ಲಿ ಎರಡನೇ ಸುತ್ತಿಗೇ ಚೌಕುಳಿ ಮಾಯ. ಕೆಂಪು-ಹಳದಿ ಕಲಸಿದ ಒಂದು ಪಟ್ಟಿ ಮಾತ್ರ ಉಳಿಯಿತು. ವಿಎಯಲ್ಲಿ ಇನ್ನೊಂದು ತೊಂದರೆ. ಕಪ್ಪಿನಿಂದ ಸ್ವಲ್ಪ ಬೆಳಕಿಗೆ ಬದಲಾಗುವಾಗ ಅದು ನಿಧಾನ. ವೇಷದ ಹಿಂದೆ ಕಪ್ಪು ನೆರಳು ಎಳೆದುಕೊಂಡು ಬಂದಂತೆ ಕಾಣುತ್ತದೆ. ಪ್ಲಾಸ್ಮಾದಲ್ಲಿ ಚೌಕುಳಿ ಕಣ್ಣಿಗೆ ಸಿಗುತ್ತಲೇ ಇತ್ತು. ಕಾಲಿನ ಗೆಜ್ಜೆ ಎಲ್ಲಿದೆ ಅಂತ ಹೇಳಬಹುದಾಗಿತ್ತು. ಜಗುಲಿಯ ಬೆಂಚಿನ ಮೇಲೆ ಕೂತಿದ್ದ ಮಾವ ಎದ್ದು ಟಿವಿ ಹತ್ತಿರ ಹೋಗಿ, "ಇದ್ರಲ್ಲಿ ವೇಷ ಲಾಯ್ಕ ಕಾಣ್ತು" ಅಂದರು. ಹರೆಯದಲ್ಲಿ ರಾತ್ರಿಯಿಡೀ ಆಟ, ಅಂದರೆ ಯಕ್ಷಗಾನ, ನೋಡಿ ಬೆಳಗಿನ ಜಾವ ನಡೆದೇ ಮನೆಗೆ ಬಂದವರು ಅವರು. ಆ ಮಾತಿಗೆ ನಾನು ತುಂಬಾ ಬೆಲೆ ಕೊಡುತ್ತೇನೆ.

ಓಎಲ್‌ಇಡಿ ಇಲ್ಲಿ ಗೆಲ್ಲುತ್ತದೆ ಅಂದುಕೊಂಡಿದ್ದೆ. ಪ್ಲಾಸ್ಮಾದ ಮಟ್ಟಕ್ಕೆ ಬರಲಿಲ್ಲ. ಅದರ ಒಂದೊಂದು ಚುಕ್ಕೆಯೂ ಕ್ಷಣದಲ್ಲಿ ಬಣ್ಣ ಬದಲಿಸುತ್ತದೆ, ಅದು ನಿಜ. ಆದರೆ ಎಲ್‌ಇಡಿಯ ಹಾಗೆ ಅದೂ ಒಂದು ಫ್ರೇಮನ್ನು ಮುಂದಿನದು ಬರುವ ತನಕ ಹಿಡಿದೇ ಇಡುತ್ತದೆ. ನಮ್ಮ ಕಣ್ಣು ವೇಷದ ಜೊತೆ ಸರಿಯುತ್ತಿರುತ್ತದೆ, ಚಿತ್ರ ನಿಂತಲ್ಲೇ ನಿಂತಿರುತ್ತದೆ. ಆ ಎಳೆದಾಟದಿಂದ ಮಸುಕು ಬರುತ್ತದೆ. ಪ್ಲಾಸ್ಮಾ ಒಂದು ಫ್ರೇಮನ್ನೇ ಹತ್ತು-ಹನ್ನೆರಡು ಸಣ್ಣ ಮಿಂಚುಗಳಾಗಿ ಒಡೆದು ತೋರಿಸುತ್ತದೆ. ಹಿಂದೆ ಜಾಹೀರಾತಿನಲ್ಲಿ "600 ಹರ್ಟ್ಜ್" ಅಂತ ಬರುತ್ತಿತ್ತಲ್ಲ, ಅದು ಇದೇ. ಸೆಕೆಂಡಿಗೆ 50 ಫ್ರೇಮು ಇದ್ದರೆ ಒಂದೊಂದಕ್ಕೆ ಹನ್ನೆರಡು ಮಿಂಚು, 60 ಇದ್ದರೆ ಒಂದೊಂದಕ್ಕೆ ಹತ್ತು.

ಹೊಸ ಟಿವಿಗಳಲ್ಲಿ ಈ ಮಸುಕು ತೆಗೆಯಲು ಮೋಷನ್ ಸೆಟ್ಟಿಂಗ್ ಇರುತ್ತದೆ. ಎರಡು ಫ್ರೇಮಿನ ನಡುವೆ ಟಿವಿಯೇ ಇನ್ನೊಂದು ಫ್ರೇಮು ಹುಟ್ಟಿಸಿ ಸೇರಿಸುತ್ತದೆ. ಕ್ರಿಕೆಟ್ಟಿಗೆ ಸ್ವಲ್ಪ ಹಾಕಿಕೊಂಡರೆ ಅಡ್ಡಿಯಿಲ್ಲ. ಸಿನಿಮಾಕ್ಕೆ ದಯವಿಟ್ಟು ಬೇಡ. ಸಿನಿಮಾ ಸೆಕೆಂಡಿಗೆ 24 ಫ್ರೇಮಿನದು. ಅದರೊಳಗೆ ಇಲ್ಲದ ಫ್ರೇಮು ತುಂಬಿದರೆ ಎಂಥಾ ಚೆಂದದ ಸಿನಿಮಾವೂ ಸಂಜೆಯ ಧಾರಾವಾಹಿ ಥರ ಕಾಣುತ್ತದೆ.

ಕಾರವಾರದ ಬಿಸಿಲಿನಲ್ಲಿ

ಇಷ್ಟೆಲ್ಲ ಹೊಗಳಿಸಿಕೊಂಡ ಪ್ಲಾಸ್ಮಾ ನಮ್ಮ ಕೋಡಿಬಾಗದ ಹಾಲ್‌ನಲ್ಲಿ ಸಂಜೆಯ ತನಕ ನೋಡುವ ಹಾಗಿರಲಿಲ್ಲ. ಅದರ ಮುಂಭಾಗ ಗಾಜು. ಕಿಟಕಿ, ಕಿಟಕಿಯಾಚೆಯ ತೆಂಗಿನ ಮರ, ಎದುರು ಕೂತ ನಾವು, ಎಲ್ಲ ಅದರಲ್ಲಿ ಕಾಣುತ್ತಿದ್ದೆವು. ಪ್ಲಾಸ್ಮಾಗೆ ಬೆಳಕೂ ಕಡಿಮೆ. ಪರದೆ ಪೂರ್ತಿ ಬೆಳ್ಳಗಾದಷ್ಟೂ ಕರೆಂಟು ಜಾಸ್ತಿ ಬೇಕಾಗುತ್ತದೆ, ಅದಕ್ಕೆ ಅದು ತಾನೇ ಬೆಳಕು ತಗ್ಗಿಸಿಕೊಳ್ಳುತ್ತದೆ. ಹಗಲಿನ ಕ್ರಿಕೆಟ್ ಮೈದಾನ ಮಂಕಾಗಿ ಕಾಣುವುದು ಇದರಿಂದಲೇ. ಅಂಗಡಿಯ ಟ್ಯೂಬ್‌ಲೈಟುಗಳ ಕೆಳಗೆ ಪಕ್ಕದ ಎಲ್‌ಸಿಡಿಯ ಮುಂದೆ ಪ್ಲಾಸ್ಮಾ ಸೋತದ್ದಕ್ಕೂ ಇದೇ ಮುಖ್ಯ ಕಾರಣ ಅಂತ ನನ್ನ ಅಭಿಪ್ರಾಯ. ಜನ ಅಂಗಡಿಯಲ್ಲಿ ನೋಡಿ ಕೊಳ್ಳುತ್ತಾರೆ, ಮನೆಯಲ್ಲಿ ರಾತ್ರಿ ನೋಡುತ್ತಾರೆ.

ಐಪಿಎಸ್ ಎಲ್‌ಇಡಿ ಇಲ್ಲಿ ಚೆನ್ನಾಗಿ ಕೆಲಸ ಮಾಡಿತು. ಹಗಲು ಬೆಳಕಿನಲ್ಲಿ ಕಪ್ಪು ಬೂದಿಯಾಗಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ, ಕೋಣೆಯೇ ಬೆಳಕಲ್ವಾ? ಪರದೆ ಹೊಳಪಿಲ್ಲದ್ದು, ಪ್ರತಿಬಿಂಬ ಕಡಿಮೆ. ಇನ್ನೊಂದು ಲಾಭ, ಯಾವ ಬದಿಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ. ನಮ್ಮಲ್ಲಿ ಅಮ್ಮ ಅಡುಗೆಮನೆ ಬಾಗಿಲಿನಿಂದ ಓರೆಯಾಗಿ ನೋಡುತ್ತಾರೆ, ಮಕ್ಕಳು ನೆಲದ ಮೇಲೆ ಮಲಗಿ ನೋಡುತ್ತಾರೆ. ವಿಎ ಎಲ್‌ಇಡಿಯನ್ನು ಅದೇ ಜಾಗದಲ್ಲಿಟ್ಟಾಗ ಅಮ್ಮನಿಗೆ ಕಂಡದ್ದು ತೊಳೆದು ಬಿಳಿಚಿದ ಬಣ್ಣ. ಎದುರಿಗೆ ಕೂತ ನನಗೆ ಮಾತ್ರ ಚೆನ್ನಾಗಿತ್ತು.

ಯಾವುದು ವಿಎ, ಯಾವುದು ಐಪಿಎಸ್ ಅಂತ ಡಬ್ಬದ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ. ಒಂದೇ ಮಾದರಿಯಲ್ಲೂ 43 ಇಂಚಿಗೆ ಒಂದು ಪ್ಯಾನೆಲ್, 50ಕ್ಕೆ ಇನ್ನೊಂದು ಇರಬಹುದು. ಅಂಗಡಿಯಲ್ಲಿ ಪಕ್ಕಕ್ಕೆ ಸರಿದು ನಿಂತು ನೋಡಿ. ಮುಖದ ಬಣ್ಣ ಬಿಳಿಚಿದರೆ ವಿಎ. ಬಣ್ಣ ಹಾಗೇ ಇದ್ದು, ಕಪ್ಪು ಜಾಗ ಬೆಳ್ಳಗೆ ಹೊಳೆದರೆ ಐಪಿಎಸ್. ಅಂಗಡಿಯವರು ಟಿವಿಯನ್ನು ಕಣ್ಣು ಕುಕ್ಕುವ "ವಿವಿಡ್" ಮೋಡಿನಲ್ಲಿ ಇಟ್ಟಿರುತ್ತಾರೆ. ಪ್ರದರ್ಶನಕ್ಕೆ ಹಾಕುವ ಹೂವು, ಗಿಣಿ, ಜಲಪಾತ ಎಲ್ಲ ಟಿವಿಯಲ್ಲೂ ಚೆಂದವೇ. ನಿಮ್ಮ ಪೆನ್‌ಡ್ರೈವಿನಲ್ಲಿ ನೀವು ದಿನಾ ನೋಡುವಂಥದ್ದನ್ನು ಹಾಕಿಕೊಂಡು ಹೋಗಿ, ಮೋಡನ್ನು "ಸಿನಿಮಾ" ಅಥವಾ "ಸ್ಟ್ಯಾಂಡರ್ಡ್"ಗೆ ಬದಲಿಸಿ ತೋರಿಸಿ ಅಂತ ಕೇಳಿ. ತೋರಿಸಲು ಒಪ್ಪದಿದ್ದರೆ ಬೇರೆ ಅಂಗಡಿಗೆ ಹೋಗಿ.

4ಕೆ ಬೇಕಾ?

ಇದಕ್ಕೆ ಚಿಕ್ಕ ಲೆಕ್ಕ ಸಾಕು. ನಮ್ಮ ಪ್ಲಾಸ್ಮಾದಲ್ಲಿ 1024 × 768 ಚುಕ್ಕೆ, ಅಂದರೆ ಎಂಟು ಲಕ್ಷದ ಹತ್ತಿರ. ಫುಲ್ ಎಚ್‌ಡಿಯಲ್ಲಿ 1920 × 1080, ಇಪ್ಪತ್ತು ಲಕ್ಷ ಚಿಲ್ಲರೆ. 4ಕೆಯಲ್ಲಿ 3840 × 2160, ಸುಮಾರು 83 ಲಕ್ಷ. ಮಾಮೂಲಿ ಚಾನೆಲ್ಲು, ಅಂದರೆ ಎಚ್‌ಡಿ ಅಲ್ಲದ್ದು, ಹೆಚ್ಚೆಂದರೆ 720 × 576. ಅದು ನಾಲ್ಕು ಲಕ್ಷ ಚಿಲ್ಲರೆ.

ನಾಲ್ಕು ಲಕ್ಷ ಚುಕ್ಕೆಯ ಚಿತ್ರವನ್ನು 83 ಲಕ್ಷ ಚುಕ್ಕೆಯ ಪರದೆಗೆ ಹಿಗ್ಗಿಸಿದರೆ ನಡುವಿನದ್ದೆಲ್ಲ ಟಿವಿ ಊಹೆ ಮಾಡಿ ತುಂಬಬೇಕು. ಕಡಿಮೆ ಬೆಲೆಯ 4ಕೆ ಟಿವಿಯಲ್ಲಿ ಈ ಊಹೆ ಕೆಟ್ಟದಾಗಿರುತ್ತದೆ. ಮುಖಗಳು ಮೇಣ ಬಳಿದಂತಾಗುತ್ತವೆ, ಅಕ್ಷರದ ಸುತ್ತ ನೊಣ ಹಾರಿದಂತೆ ಚುಕ್ಕೆಗಳು. ಚಂದನದಲ್ಲಿ ಬರುವ ಹಳೇ ಕಾರ್ಯಕ್ರಮಗಳು, ಕಪ್ಪು-ಬಿಳುಪು ಸಿನಿಮಾಗಳು ಪ್ಲಾಸ್ಮಾದಲ್ಲೇ ಕಣ್ಣಿಗೆ ಹಿತ. ಹಳೇ ಟಿವಿಯಲ್ಲಿ ಹಳೇ ಸಿನಿಮಾ ಚೆಂದ ಅನ್ನುವುದು ಬರೀ ಭಾವುಕತೆ ಅಲ್ಲ.

ಕೂರುವ ದೂರವನ್ನೂ ಅಳೆಯಿರಿ. 43 ಇಂಚಿನಲ್ಲಿ 4ಕೆಗೂ ಫುಲ್ ಎಚ್‌ಡಿಗೂ ಇರುವ ವ್ಯತ್ಯಾಸ ಕಾಣಬೇಕಾದರೆ ಐದೂವರೆ ಅಡಿಗಿಂತ ಹತ್ತಿರ ಕೂರಬೇಕು. ನಮ್ಮ ಕಡೆಯ ಮನೆಗಳಲ್ಲಿ ಕುರ್ಚಿ ಇರುವುದು ಒಂಬತ್ತು-ಹತ್ತು ಅಡಿ ದೂರದಲ್ಲಿ. ಅಲ್ಲಿಂದ 4ಕೆ ಗೊತ್ತೇ ಆಗುವುದಿಲ್ಲ. ಈಗ 43ರ ಮೇಲೆ ಹೆಚ್ಚಿನವು 4ಕೆಯೇ ಬರುವುದರಿಂದ ತಗೊಳ್ಳಬೇಡಿ ಅನ್ನುವುದಿಲ್ಲ. ಅದೊಂದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ, ಆ ದುಡ್ಡಿನಲ್ಲಿ ಅಳತೆ ದೊಡ್ಡದು ಮಾಡಿಕೊಳ್ಳಿ. ಡಿಶ್‌ಗೆ ಎಚ್‌ಡಿ ಬಾಕ್ಸ್ ಹಾಕಿಸುವುದು ಎಲ್ಲಕ್ಕಿಂತ ಮೊದಲು.

ಕರೆಂಟು, ಸಿಡಿಲು, ಉಪ್ಪುಗಾಳಿ

ಪ್ಲಾಸ್ಮಾ ಕರೆಂಟು ತಿನ್ನುತ್ತದೆ. ವಾಟ್ ಮೀಟರು ಸಿಕ್ಕಿಸಿ ನೋಡಿದೆ. ರಾತ್ರಿಯ ಆಟದ ದೃಶ್ಯಕ್ಕೆ 100ರ ಆಸುಪಾಸು ಇದ್ದದ್ದು, ಹಗಲಿನ ಕ್ರಿಕೆಟ್ಟಿಗೆ 200 ದಾಟಿತು. 43 ಇಂಚಿನ ಎಲ್‌ಇಡಿ ಯಾವುದನ್ನೇ ತೋರಿಸಲಿ 75ರ ಹತ್ತಿರವೇ. ದಿನಕ್ಕೆ ಐದು ತಾಸು ಅಂದರೆ 200 ವ್ಯಾಟಿನ ಟಿವಿ ತಿಂಗಳಿಗೆ 30 ಯೂನಿಟ್ ಸುಡುತ್ತದೆ, 75 ವ್ಯಾಟಿನದು 11ರ ಮೇಲೆ ಸ್ವಲ್ಪ. ಬಿಲ್ಲಿಗಿಂತ ಇನ್ವರ್ಟರಿನ ಚಿಂತೆ ದೊಡ್ಡದು. ಘಟ್ಟದ ಮೇಲೆ ಗಾಳಿ-ಮಳೆಗೆ ಮರ ಲೈನಿನ ಮೇಲೆ ಬಿದ್ದರೆ ಕರೆಂಟು ಯಾವಾಗ ಬಂತೋ ಆವಾಗ. 12 ವೋಲ್ಟಿನ 150 ಎಎಚ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವ್ಯಾಟ್-ತಾಸು ಇದ್ದರೂ ಕೈಗೆ ಸಿಗುವುದು 1200ರಷ್ಟು ಅಂತಿಟ್ಟುಕೊಳ್ಳಿ. ಫ್ಯಾನು, ಬಲ್ಬು ಸೇರಿ 100 ವ್ಯಾಟ್. ಅದರ ಜೊತೆ ಪ್ಲಾಸ್ಮಾ ಹಚ್ಚಿದರೆ ನಾಲ್ಕು ತಾಸು. ಎಲ್‌ಇಡಿ ಆದರೆ ಏಳು ತಾಸಿನ ಹತ್ತಿರ ಬರುತ್ತದೆ. ಇಲ್ಲಿ ಪ್ಲಾಸ್ಮಾ ಪರ ವಾದ ಮಾಡಲಿಕ್ಕೆ ಏನೂ ಇಲ್ಲ.

ಕಾರವಾರದ ಏಪ್ರಿಲ್-ಮೇ ಸೆಕೆಯಲ್ಲಿ ಪ್ಲಾಸ್ಮಾ ಹಿಂದಿನಿಂದ ಬರುವ ಬಿಸಿಗಾಳಿ ಬೇರೆ. ಅದೇ ಬಿಸಿ ಶಿರಸಿಯ ಮಳೆಗಾಲದಲ್ಲಿ ಉಪಕಾರಿ, ಟಿವಿಯ ಒಳಗೆ ತಂಡಿ ಕೂರಲು ಬಿಡುವುದಿಲ್ಲ. ಯಾವ ಟಿವಿಯೇ ಆಗಲಿ, ಆಷಾಢದಲ್ಲಿ ಬಟ್ಟೆ ಮುಚ್ಚಿ ಸುಮ್ನೆ ಇಡಬೇಡಿ. ದಿನಾ ಸ್ವಲ್ಪ ಹೊತ್ತು ಹಚ್ಚಿ.

ಸಮುದ್ರದ ಹತ್ತಿರದ ಮನೆಗಳಲ್ಲಿ ಪರದೆಯ ಮೇಲೆ ಉಪ್ಪಿನ ಅಂಟು ಕೂರುತ್ತದೆ. ಬೆರಳು ಆಡಿಸಿದರೆ ಗೆರೆ ಮೂಡುತ್ತದೆ. ಪ್ಲಾಸ್ಮಾದ ಗಾಜನ್ನು ಮೆತ್ತಗಿನ ಒದ್ದೆ ಬಟ್ಟೆಯಲ್ಲಿ ಒರೆಸುವುದು ಸುಲಭ. ಎಲ್‌ಇಡಿಯ ಪ್ಲಾಸ್ಟಿಕ್ ಪರದೆ ನಾಜೂಕು. ಒತ್ತಬಾರದು, ಕಿಟಕಿ ಗಾಜಿಗೆ ಹೊಡೆಯುವ ಸ್ಪ್ರೇ ಹೊಡೆಯಲೇಬಾರದು. ಕೇಬಲ್ ಸಿಕ್ಕಿಸುವ ಪಿನ್ನುಗಳಿಗೂ ಉಪ್ಪುಗಾಳಿಯ ತುಕ್ಕು ಬರುತ್ತದೆ. ಟಿವಿಯನ್ನು ಸಮುದ್ರದ ಕಡೆಯ ಹೊರಗೋಡೆಗೆ ಹಾಕದೆ ಒಳಗೋಡೆಗೆ ಹಾಕಿದರೆ ಒಳ್ಳೆಯದು. ಆ ಹೊರಗೋಡೆ ಮಳೆಗಾಲದಲ್ಲಿ ನೀರೂ ಕುಡಿದಿರುತ್ತದೆ.

ಗೋಡೆಯ ಮಾತು ಬಂತು. ಕರಾವಳಿಯ ಮನೆಗಳು ಹೆಚ್ಚಾಗಿ ಚಿರೆಕಲ್ಲಿನವು. ಚಿರೆಕಲ್ಲು ಮೆದು, ಡ್ರಿಲ್ ಹೊಡೆದರೆ ಪುಡಿಪುಡಿ ಉದುರುತ್ತದೆ, ಸಣ್ಣ ಪ್ಲಗ್ಗು ಹಿಡಿಯುವುದಿಲ್ಲ. 43 ಇಂಚಿನ ಎಲ್‌ಇಡಿ ಎಂಟು-ಒಂಬತ್ತು ಕಿಲೋ, ಉದ್ದದ ಪ್ಲಗ್ಗು ಹಾಕಿದರೆ ನಿಲ್ಲುತ್ತದೆ. ಪ್ಲಾಸ್ಮಾ ಇಪ್ಪತ್ತು ಕಿಲೋದ ಮೇಲೆ. ಅದನ್ನು ಚಿರೆಕಲ್ಲಿಗೂ ನೇತು ಹಾಕಬೇಡಿ, ಶಿರಸಿ ಕಡೆಯ ಮಣ್ಣಿನ ಗೋಡೆಗೂ ಬೇಡ. ಸ್ಟ್ಯಾಂಡೇ ಸರಿ. ದೇವಿಮನೆ ಘಟ್ಟ ಹತ್ತಿಸಿ ಅದನ್ನು ಮಾವನ ಮನೆಗೆ ಒಯ್ದಾಗ ಕಾರಿನ ಹಿಂದಿನ ಸೀಟಿನಲ್ಲಿ ನಿಲ್ಲಿಸಿಯೇ ಒಯ್ದೆವು, ಎರಡೂ ಬದಿಗೆ ಹಾಸಿಗೆ ಕೊಟ್ಟು. ಪ್ಲಾಸ್ಮಾವನ್ನು ಮಲಗಿಸಿ ಸಾಗಿಸಿದರೆ ಒಳಗಿನ ಗಾಜು ಬಿರುಕು ಬಿಡುವ ಭಯ ಇದೆ.

ಸಿಡಿಲಿಗೆ ಎಲ್ಲ ಟಿವಿಯೂ ಒಂದೇ. ಸ್ಟೆಬಿಲೈಸರ್ ಇದೆ ಅಂತ ಧೈರ್ಯ ಮಾಡಬೇಡಿ. ಗುಡುಗು ಶುರುವಾದ ಕೂಡಲೇ ಪ್ಲಗ್ ತೆಗೆಯಿರಿ, ಡಿಶ್ ಕೇಬಲ್ಲನ್ನೂ ಕಳಚಿ. ಹೆಚ್ಚಿನವರು ಎರಡನೆಯದನ್ನು ಮರೆಯುತ್ತಾರೆ. ಮಾಡಿನ ಮೇಲಿನ ಕೊಡೆಯಿಂದ ಬರುವ ಆ ತಂತಿಯಲ್ಲೇ ಹೊಡೆತ ಇಳಿದು ಬಾಕ್ಸು, ಟಿವಿ ಎರಡನ್ನೂ ಸುಡಬಹುದು.

ಸುದ್ದಿ ಚಾನೆಲ್ಲಿನ ಪಟ್ಟಿ

ಪ್ಲಾಸ್ಮಾ ಮತ್ತು ಓಎಲ್‌ಇಡಿ ಎರಡಕ್ಕೂ ಒಂದೇ ರೋಗ. ಒಂದೇ ಚಿತ್ರ ಒಂದೇ ಜಾಗದಲ್ಲಿ ತಾಸುಗಟ್ಟಲೆ ನಿಂತರೆ ಅದರ ಅಚ್ಚು ಉಳಿದುಬಿಡುತ್ತದೆ. ನಮ್ಮ ಸುದ್ದಿ ಚಾನೆಲ್ಲುಗಳಲ್ಲಿ ಪರದೆಯ ಕೆಳಗಿನ ಕಾಲು ಭಾಗ ಕೆಂಪು-ಹಳದಿ ಪಟ್ಟಿಯೇ, ಮೂಲೆಯಲ್ಲಿ ಬದಲಾಗದ ಲೋಗೋ. ಪ್ಲಾಸ್ಮಾದಲ್ಲಿ ಈ ನೆರಳು ಎಷ್ಟೋ ಸಲ ಬೇರೆ ಕಾರ್ಯಕ್ರಮ ನೋಡುತ್ತಾ ಹೋದ ಹಾಗೆ ಮಾಸುತ್ತದೆ. ಓಎಲ್‌ಇಡಿಯಲ್ಲಿ ಅಚ್ಚು ಬಿದ್ದರೆ ಆ ಜಾಗದ ಚುಕ್ಕೆಗಳು ಸವೆದವು ಅಂತ ಅರ್ಥ. ಸವೆದದ್ದು ಮತ್ತೆ ತುಂಬುವುದಿಲ್ಲ. ಭಾವನ ಮನೆಯಲ್ಲಿ ಸುದ್ದಿ ನೋಡುವುದಕ್ಕೆ ಅಡುಗೆಮನೆಯಲ್ಲಿ ಬೇರೆ ಸಣ್ಣ ಟಿವಿ ಇದೆ. ಓಎಲ್‌ಇಡಿ ಸಿನಿಮಾಕ್ಕೆ ಮತ್ತು ಆಟಕ್ಕೆ ಮಾತ್ರ. ಹಾಗೆ ಇಟ್ಟುಕೊಳ್ಳುವ ಅನುಕೂಲ ಇದ್ದವರಿಗೆ ಅದರಷ್ಟು ಚೆಂದದ ಟಿವಿ ಇನ್ನೊಂದಿಲ್ಲ. ಬೆಳಿಗ್ಗೆಯಿಂದ ರಾತ್ರಿ ತನಕ ಸುದ್ದಿ ಹಚ್ಚಿಯೇ ಇರುವ ಮನೆಗೆ ಅದು ಬೇಡ. ಬೆಲೆಯೂ ನಾನು ನೋಡಿದ 43 ಇಂಚಿನ ಎಲ್‌ಇಡಿಯ ಮೂರು ಪಟ್ಟಿಗಿಂತ ಜಾಸ್ತಿ.

ಹಳೇ ಪ್ಲಾಸ್ಮಾ ಸಿಕ್ಕರೆ

ಯಾರಾದರೂ ಕಡಿಮೆಗೆ ಕೊಡುತ್ತೇನೆ ಅಂದರೆ ಮೊದಲು ಲ್ಯಾಪ್‌ಟಾಪು ಸಿಕ್ಕಿಸಿ ಪರದೆ ತುಂಬಾ ಬಿಳಿ, ಆಮೇಲೆ ಕೆಂಪು, ಹಸಿರು, ನೀಲಿ ತೋರಿಸಿ. ಹಳೇ ಲೋಗೋದ ನೆರಳು ಅಲ್ಲಿ ಎದ್ದು ಕಾಣುತ್ತದೆ. ಅರ್ಧ ತಾಸು ಓಡಿಸಿ ನೋಡದೆ ದುಡ್ಡು ಕೊಡಬೇಡಿ. ಕೆಲವು ಬೋರ್ಡುಗಳು ಬಿಸಿಯಾದ ಮೇಲೇ ತಕರಾರು ತೆಗೆಯುತ್ತವೆ. ಫ್ಯಾನ್ ಆಫ್ ಮಾಡಿ ಕಿವಿಗೊಡಿ. ಸಣ್ಣ ಝುಂಯ್ ಶಬ್ದ ಮಾಮೂಲು, ಜೋರಾಗಿದ್ದರೆ ಬೇಡ. ಪೇಟೆಯ ಗಲಾಟೆಯಲ್ಲಿ ಕೇಳಿಸದ ಈ ಶಬ್ದ ತೋಟದ ಮನೆಯ ರಾತ್ರಿಯಲ್ಲಿ ಚೆನ್ನಾಗಿ ಕೇಳುತ್ತದೆ.

ಬಿಡಿಭಾಗದ ವಿಷಯ ಕಷ್ಟ. ಪವರ್ ಬೋರ್ಡು ಹೋದರೆ ಕೈಪಳಗಿದ ಮೆಕ್ಯಾನಿಕ್ ಕೆಪಾಸಿಟರ್ ಬದಲಿಸಿ ಎಬ್ಬಿಸಬಹುದು. ಮೆಕ್ಯಾನಿಕ್‌ಗಳು ವೈ-ಸಸ್, ಝಡ್-ಸಸ್ ಅನ್ನುವ, ಪ್ಯಾನೆಲ್ಲಿನ ಗೂಡುಗಳಿಗೆ ಮಿಡಿತ ಕೊಡುವ ಬೋರ್ಡುಗಳು ಹೋದರೆ ಹುಬ್ಬಳ್ಳಿಯಲ್ಲೋ ಮಡಗಾಂವಿನಲ್ಲೋ ಹಳೇ ಟಿವಿಯಿಂದ ಬಿಚ್ಚಿದ್ದು ಸಿಗಬೇಕು. ಪ್ಯಾನೆಲ್ಲೇ ಹೋದರೆ ಮುಗಿಯಿತು. ಮನೆಗೆ ಅದೊಂದೇ ಟಿವಿ ಆಗುವುದಾದರೆ ನಾನು ತಗೊಳ್ಳಿ ಅನ್ನುವುದಿಲ್ಲ. ಕತ್ತಲೆ ಕೋಣೆ ಇದೆ, ಆಟ ನೋಡುವ ಹುಚ್ಚು ಇದೆ, ಇನ್ನೊಂದು ಟಿವಿಯೂ ಇದೆ ಅನ್ನುವವರಿಗೆ ಮಾತ್ರ ಹೌದು ಅನ್ನುತ್ತೇನೆ.

ಈಗ ಎಲ್ಲಿ ಯಾವುದು

ಕೋಡಿಬಾಗದ ಹಾಲ್‌ನಲ್ಲಿ 43 ಇಂಚಿನ ಐಪಿಎಸ್ ಎಲ್‌ಇಡಿ ಇದೆ, ಒಳಗೋಡೆಗೆ, ಕಿಟಕಿ ಟಿವಿಯ ಬದಿಗೆ ಬರುವ ಹಾಗೆ. ಅಮ್ಮನಿಗೂ ಮಕ್ಕಳಿಗೂ ಸಮ ಕಾಣುತ್ತದೆ. 50 ಇಂಚಿನ ವಿಎಯನ್ನು ಮಹಡಿಯ ಕೋಣೆಗೆ ಹಾಕಿದ್ದೇವೆ, ಅಲ್ಲಿ ನೇರ ಎದುರು ಕೂತು ರಾತ್ರಿ ನೋಡುವವನು ನಾನೊಬ್ಬನೇ. ಪ್ಲಾಸ್ಮಾ ಮಾವನ ಜಗುಲಿಯಲ್ಲಿ ಗಟ್ಟಿಯಾಗಿದೆ. ಅದು ಕೈಕೊಟ್ಟ ದಿನ ಆ ಕತ್ತಲೆ ಜಗುಲಿಗೆ ತರಬೇಕಾದ್ದು 50 ಇಂಚಿನ ವಿಎ ಪ್ಯಾನೆಲ್ಲಿನ ಎಲ್‌ಇಡಿ ಅಂತ ಮಾವನಿಗೆ ಹೇಳಿಟ್ಟಿದ್ದೇನೆ. ಬೆಂಚು ಟಿವಿಯ ನೇರ ಎದುರಿಗೇ ಇರುವುದರಿಂದ ಅಲ್ಲಿ ಬದಿಯ ತೊಂದರೆ ಬಾರದು. ಸ್ಟ್ಯಾಂಡಿನದ್ದೊಂದು ಬಾಕಿ ಇದೆ. ಪ್ಲಾಸ್ಮಾಗೆ ನಡುವೆ ಒಂದೇ ಕಾಲು, ಮೂರಡಿಯ ಮರದ ಸ್ಟ್ಯಾಂಡಿನ ಮೇಲೆ ಆರಾಮ ಕೂತಿದೆ. ಹೊಸ ಟಿವಿಗಳಿಗೆ ಹೆಚ್ಚಾಗಿ ಎರಡು ತುದಿಗೆ ಎರಡು ಕಾಲು, 50 ಇಂಚಿನದು ಮೂರೂಮುಕ್ಕಾಲು ಅಡಿ ಹತ್ತಿರ ಅಗಲ. ಹಲಸಿನ ಹಲಗೆ ಅಟ್ಟದ ಮೇಲೆ ಇದೆಯಂತೆ. ಮಳೆ ಬಿಟ್ಟ ಮೇಲೆ ಆಚಾರಿಯನ್ನು ಕರೆಸಿ ನಾಲ್ಕಡಿಯದು ಮಾಡಿಸುತ್ತೇನೆ ಅಂದಿದ್ದಾರೆ ಮಾವ.